ಹಣಕೋಣಕ್ಕೆ ಯಾವ ಬಣ್ಣ?

(ಸಾತೇರಿ ದೇವಿಯ ಏಳು ದಿನದ ಜಾತ್ರೆ ಮುಗಿದಿದೆ. ಗುಡಿಯ ಬಾಗಿಲು ಇನ್ನು ಮುಂದಿನ ವರ್ಷಕ್ಕೇ. ಹಣಕೋಣದ ಒಂದು ಮನೆಯ ಜಗಲಿಯಲ್ಲಿ, ಈ ಭಾಗದ ಶಾಲೆಯಲ್ಲಿ ಬಹುಕಾಲ ಕಲಿಸಿ ನಿವೃತ್ತರಾದ ಅಂಕೋಲೆಯ ಮಾಸ್ತರು ಕೂತಿದ್ದಾರೆ. ಎದುರಿಗೆ ಅವರ ಹಳೆಯ ಶಿಷ್ಯೆ. ಅವಳೀಗ ಧಾರವಾಡದಲ್ಲಿ ಭೂಗೋಳ ಓದುತ್ತಾಳೆ. ನೆಲದ ಮೇಲೆ ಎರಡು ನಕ್ಷೆ ಹರಡಿವೆ. ಒಂದು ಯುರೋಪಿನ ಭಾಷೆಗಳದು, ಬಣ್ಣ ತುಂಬಿದ್ದು. ಇನ್ನೊಂದು ಕಾರವಾರ ತಾಲೂಕಿನದು, ಬರೀ ಗೆರೆ. ಕಾಳಿ ಹೊಳೆಯ ಕಡೆಯಿಂದ ಬರುವ ಗಾಳಿಗೆ ಹಾರದಂತೆ ಮೂಲೆಗೊಂದು ತೆಂಗಿನಕಾಯಿ ಇಟ್ಟಿದೆ.)

ಶಿಷ್ಯೆ: ಮಾಸ್ತರ್ರೇ, ಇದೊಂದು ನೀವೇ ಹೇಳಬೇಕು. ಹಣಕೋಣಕ್ಕೆ ಯಾವ ಬಣ್ಣ ತುಂಬಲಿ?

ಮಾಸ್ತರು: ಬಣ್ಣ ಅಂದರೆ?

ಶಿಷ್ಯೆ: ತಾಲೂಕಿನ ಭಾಷಾ ನಕ್ಷೆ ಮಾಡುತ್ತಿದ್ದೇನೆ. ಕನ್ನಡಕ್ಕೆ ಹಳದಿ, ಕೊಂಕಣಿಗೆ ನೀಲಿ, ಮರಾಠಿಗೆ ಕೇಸರಿ, ಉರ್ದುವಿಗೆ ಹಸಿರು. ಒಂದು ಊರಿಗೆ ಒಂದೇ ಬಣ್ಣ. ಎಲ್ಲೆಲ್ಲಿಯದೋ ಊರುಗಳಿಗೆ ಧೈರ್ಯವಾಗಿ ತುಂಬುತ್ತಿದ್ದೆ. ನನ್ನ ಊರಿಗೆ ಬಂದಾಗ ಕೈ ನಿಂತಿತು.

ಮಾಸ್ತರು: ಅದರಲ್ಲೇನು ಕಷ್ಟ? ನಿಮ್ಮ ಮನೆ ಮಾತು ಕೊಂಕಣಿ. ನೀಲಿ ಹಾಕು.

ಶಿಷ್ಯೆ: ನೀಲಿ ಹಾಕಿದರೆ, ನಾವಿಬ್ಬರೂ ಈಗ ಆಡುತ್ತಿರುವ ಮಾತು ನಕ್ಷೆಯಲ್ಲಿ ಎಲ್ಲಿ ಉಳಿಯಿತು? ಒಳಗೆ ಮಲಗಿರುವ ಅಜ್ಜಿ ಪೋಥಿ ಓದುವುದು ಮರಾಠಿಯಲ್ಲಿ. ಅಜ್ಜ ಕಲಿತದ್ದು ಮರಾಠಿ ಶಾಲೆಯಲ್ಲಿ, ಅಪ್ಪ ಕಲಿತದ್ದು ಕನ್ನಡ ಶಾಲೆಯಲ್ಲಿ. ಒಂದೇ ಛಾವಣಿಯ ಕೆಳಗೆ ಮೂರು ಬಣ್ಣ ಇದೆ.

ಮಾಸ್ತರು: ಹಾಗಾದರೆ ಮೊದಲು ಆ ದೊಡ್ಡ ನಕ್ಷೆ ಹೇಗೆ ಮಾಡಿದ್ದಾರೆ ಎಂದು ಹೇಳು. ಬೇರೆಯವರ ಮನೆಯ ಜಗಳ ನೋಡಿದರೆ ನಮ್ಮ ಮನೆಯದು ಸ್ವಲ್ಪ ತಿಳಿಯುತ್ತದೆ.

ಶಿಷ್ಯೆ: ಇಲ್ಲಿ ಪಶ್ಚಿಮಕ್ಕೂ ದಕ್ಷಿಣಕ್ಕೂ ಲ್ಯಾಟಿನ್ನಿನ ಮಕ್ಕಳು: ಪೋರ್ಚುಗೀಸ್, ಸ್ಪ್ಯಾನಿಷ್, ಫ್ರೆಂಚ್, ಇಟಾಲಿಯನ್. ನಡುವಿನಿಂದ ಉತ್ತರಕ್ಕೆ ಜರ್ಮನ್ ಬಳಗ, ಪೂರ್ವಕ್ಕೆ ಸ್ಲಾವ್ ಬಳಗ. ನೋಡುತ್ತಾ ಹೋದರೆ ಇತಿಹಾಸ ತಾನಾಗಿ ಎದ್ದು ಬರುತ್ತದೆ. ರೊಮೇನಿಯಾ ನೋಡಿ. ರೋಮಿನವರು ಆ ನೆಲವನ್ನು 106ರಲ್ಲಿ ಗೆದ್ದರು, ಇನ್ನೂರು ವರ್ಷ ತುಂಬುವ ಮೊದಲೇ ಬಿಟ್ಟು ಹೋದರು. ಆದರೂ ಲ್ಯಾಟಿನ್ನಿನ ಮಗಳೊಬ್ಬಳು ಸ್ಲಾವ್ ಭಾಷೆಗಳ ನಡುವೆ ಇಂದಿಗೂ ಅಲ್ಲಿ ಬಾಳುತ್ತಿದ್ದಾಳೆ. ಅವಳ ಪಕ್ಕದಲ್ಲಿ ಹಂಗೇರಿಯನ್. ಅದಕ್ಕೆ ಸುತ್ತಲಿನ ಯಾವ ಭಾಷೆಯೂ ನೆಂಟನಲ್ಲ. ಹತ್ತಿರದ ನೆಂಟರು ಉರಲ್ ಪರ್ವತದ ಆಚೆ ಇದ್ದಾರೆ. 9ನೇ ಶತಮಾನದ ಕೊನೆಗೆ ಕುದುರೆಯ ಮೇಲೆ ಬಂದವರ ಮಾತು ಅದು. ಇತ್ತ ಸ್ಪೇನ್–ಫ್ರಾನ್ಸಿನ ಗಡಿಯ ಬೆಟ್ಟದಲ್ಲಿ ಬಾಸ್ಕ್, ಇವೆಲ್ಲ ಬರುವ ಮುಂಚೆಯಿಂದ ಇರುವುದು.

ಮಾಸ್ತರು: ಹಂಗೇರಿಯವರು ನೋಡುವುದಕ್ಕೂ ಬೇರೆಯೇ?

ಶಿಷ್ಯೆ: ಅದೇ ಸೋಜಿಗ. ವಂಶವಾಹಿ ಪರೀಕ್ಷೆಯಲ್ಲಿ ಇಂದಿನ ಹಂಗೇರಿಯವರು ಬಹುಪಾಲು ನೆರೆಹೊರೆಯವರನ್ನೇ ಹೋಲುತ್ತಾರೆ. ಬಂದವರು ಕಡಿಮೆ, ಅವರ ಮಾತನ್ನು ತಮ್ಮದು ಮಾಡಿಕೊಂಡವರು ಬಹಳ. ಭಾಷೆಯ ನಕ್ಷೆಯನ್ನು ರಕ್ತದ ನಕ್ಷೆ ಎಂದು ಓದಿದರೆ ದಾರಿ ತಪ್ಪುತ್ತದೆ.

ಮಾಸ್ತರು: ಅದಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ, ತಂಗಿ. ನಮ್ಮ ಯಲ್ಲಾಪುರ, ಹಳಿಯಾಳದ ಕಾಡಿನ ಸಿದ್ದಿಯರನ್ನು ನೋಡು. ಅವರ ಹಿರಿಯರು ಆಫ್ರಿಕಾದವರು. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಸೇರಿದವರು ಅವರಲ್ಲಿ ಬಹಳ. ಇವತ್ತು ಅವರ ಮನೆ ಮಾತು ಕೊಂಕಣಿ. ಹೊರಗೆ ಕನ್ನಡ ಚೆನ್ನಾಗಿ ಆಡುತ್ತಾರೆ. ನಿನ್ನ ನಕ್ಷೆಯಲ್ಲಿ ಅವರ ಊರು ನಿನ್ನ ಊರಿನದೇ ನೀಲಿ ಆಗುತ್ತದೆ. ಆ ನೀಲಿಯನ್ನು ನೋಡಿ ಆಫ್ರಿಕಾದಿಂದ ಬಂದ ಹಡಗನ್ನು ಯಾರು ನೆನೆಯುತ್ತಾರೆ?

ಶಿಷ್ಯೆ: ಇದನ್ನು ಬರೆದುಕೊಳ್ಳುತ್ತೇನೆ. ಇನ್ನೊಂದು ವಿಷಯ ಕೇಳಿ. ಈ ಬಣ್ಣಗಳೆಲ್ಲ ಎಲ್ಲಿಂದ ಬಂದವು? ಯಾರೋ ಮನೆ ಮನೆಗೆ ಹೋಗಿ ಕೇಳಿದ್ದರಿಂದ. ಕೇಳಿದ್ದು ಏನು ಎನ್ನುವುದೇ ಮುಖ್ಯ. ಮೊದಲ ಮಹಾಯುದ್ಧಕ್ಕೆ ಮುಂಚೆ ಆಸ್ಟ್ರಿಯಾ, ಹಂಗೇರಿ ಎರಡಕ್ಕೂ ಒಬ್ಬನೇ ಚಕ್ರವರ್ತಿ. ಆದರೆ ಜನಗಣತಿ ಬೇರೆ ಬೇರೆ. 1880ರಿಂದ ಆಸ್ಟ್ರಿಯಾದ ಗಣತಿದಾರ ಕೇಳುತ್ತಿದ್ದದ್ದು ‘ದಿನನಿತ್ಯ ಬಳಸುವ ಭಾಷೆ ಯಾವುದು?’ ಎಂದು. ಹಂಗೇರಿಯಲ್ಲಿ ಕೇಳುತ್ತಿದ್ದದ್ದು ‘ಮಾತೃಭಾಷೆ ಯಾವುದು?’ ಎಂದು. ಎರಡೂ ಕಡೆ ಒಬ್ಬರು ಒಂದೇ ಭಾಷೆ ಬರೆಸಬೇಕು. ಜರ್ಮನ್ ಯಜಮಾನನ ಹತ್ತಿರ ಕೆಲಸ ಮಾಡುವ ಚೆಕ್ ಹೆಂಗಸು ಆಸ್ಟ್ರಿಯಾದ ಪಟ್ಟಿಯಲ್ಲಿ ಜರ್ಮನ್ ಆಗಿಬಿಡಬಹುದು. ಅದೇ ಹೆಂಗಸಿಗೆ ಹಂಗೇರಿಯ ಪ್ರಶ್ನೆ ಹಾಕಿದರೆ ಚೆಕ್ ಎಂದು ಬರೆಸುತ್ತಿದ್ದಳು.

ಮಾಸ್ತರು: ಪ್ರಶ್ನೆ ಬದಲಾದರೆ ನಕ್ಷೆ ಬದಲು.

ಶಿಷ್ಯೆ: ಬಣ್ಣ ಬದಲಾದರೂ ನಕ್ಷೆ ಬದಲು. ಯುದ್ಧದಲ್ಲಿ ಸೋತ ಹಂಗೇರಿಯನ್ನು ಹಂಚುವ ಮಾತು ಪ್ಯಾರಿಸ್ಸಿನಲ್ಲಿ ನಡೆಯುವಾಗ ಪಾಲ್ ಟೆಲೆಕಿ ಎನ್ನುವ ಭೂಗೋಳ ಪಂಡಿತ ಒಂದು ನಕ್ಷೆ ಮಾಡಿಸಿದ. 1910ರ ಜನಗಣತಿಯ ಲೆಕ್ಕ. ಒಂದು ಚದರ ಮಿಲಿಮೀಟರ್ ಬಣ್ಣಕ್ಕೆ ನೂರು ಜನ. ಜನ ವಿರಳವಾಗಿರುವ ಬೆಟ್ಟ ಕಾಡು ಖಾಲಿ ಬಿಟ್ಟ. ಲೆಕ್ಕದಲ್ಲಿ ಮೋಸವಿಲ್ಲ, ಬರೀ ನೆಲಕ್ಕೆ ಬಣ್ಣ ಬಳಿಯುವುದಕ್ಕಿಂತ ಜನಕ್ಕೆ ಬಳಿಯುವುದು ನ್ಯಾಯವೇ. ಆದರೆ ಹಂಗೇರಿಯನ್ನರಿಗೆ ಕೊಟ್ಟದ್ದು ಕಣ್ಣು ಕುಕ್ಕುವ ಕೆಂಪು. ಬೆಟ್ಟದ ಮೇಲೆ ಚದುರಿದ್ದ ರೊಮೇನಿಯನ್ನರಿಗೆ ಮಾಸಲು ಬಣ್ಣ, ಸುತ್ತ ಬಿಳಿ ಖಾಲಿ. ನೋಡಿದವರ ಕಣ್ಣಿಗೆ ಕೆಂಪೇ ಕಾಣಬೇಕು. ಅದಕ್ಕೆ ‘ಕೆಂಪು ನಕ್ಷೆ’ ಎಂದೇ ಹೆಸರಾಯಿತು.

ಮಾಸ್ತರು: ಫಲ ಸಿಕ್ಕಿತೇ?

ಶಿಷ್ಯೆ: ಇಲ್ಲ. 1920ರ ಜೂನ್ 4ರಂದು ಟ್ರಿಯಾನೋನ್ ಒಪ್ಪಂದ. ಹಂಗೇರಿ ಮೂರರಲ್ಲಿ ಎರಡು ಪಾಲು ನೆಲ ಕಳೆದುಕೊಂಡಿತು.

ಮಾಸ್ತರು: ಅಂದರೆ ನೀನು ಕೊಂಕಣಿಗೆ ನೀಲಿ, ಕನ್ನಡಕ್ಕೆ ಹಳದಿ ಎಂದು ಆರಿಸಿದ್ದರಲ್ಲೂ ಒಂದು ಪಕ್ಷ ಇದ್ದೇ ಇರುತ್ತದೆ. ಅದು ತಿಳಿದಿರಲಿ. ಈಗ ನಮ್ಮ ನಕ್ಷೆಗೆ ಬಾ. ಬಣ್ಣ ಬೇಡ, ಮೊದಲು ಗೋವೆಯ ಕಡೆಯ ಈ ಗಡಿ ಗೆರೆ ನೋಡು. ಮಾಜಾಳಿ ಇತ್ತ, ಪೋಳೆ ಅತ್ತ. ನಮ್ಮ ಹಣಕೋಣ ಇತ್ತ, ಕಾಣಕೋಣ ಅತ್ತ. ಹೆಸರಿನ ಬಾಲ ಎರಡಕ್ಕೂ ಒಂದೇ. ನಡುವೆ ಗೆರೆ ಎಳೆದವರು ಯಾರು?

ಶಿಷ್ಯೆ: ಪೋರ್ಚುಗೀಸರು ಅಲ್ಲವೇ? 1510ರಲ್ಲಿ ಗೋವಾ ಹಿಡಿದಾಗ.

ಮಾಸ್ತರು: ಬಹಳ ಜನ ಹಾಗೇ ತಿಳಿದಿದ್ದಾರೆ. 1510ರಲ್ಲಿ ಅವರ ಕೈಗೆ ಬಂದದ್ದು ತಿಸ್ವಾಡಿಯ ದ್ವೀಪ. ಆಮೇಲೆ ಬಾರ್ದೇಸ್, ಸಾಷ್ಟಿ. ಕಾಣಕೋಣ ಆಗ ಅವರದ್ದಲ್ಲ. ಇತ್ತ ಶಿರಸಿಯ ಹತ್ತಿರದ ಸೋದೆಯ ಅರಸರದ್ದು. ಸದಾಶಿವಗಡವೂ ಸೋದೆಯವರದ್ದೇ. 1763ರಲ್ಲಿ ಹೈದರಾಲಿ ಬಿದನೂರು ಗೆದ್ದು ಸೋದೆಯ ಮೇಲೂ ಬಂದ. ಸೋದೆಯ ಅರಸ ಗೋವೆಗೆ ಓಡಿ ಪೋರ್ಚುಗೀಸರ ಆಸರೆ ಪಡೆದ. ಫೋಂಡಾ, ಕಾಣಕೋಣದ ಸೀಮೆ ಅವರ ವಶಕ್ಕೆ ಹೋಯಿತು. 18ನೇ ಶತಮಾನ ಮುಗಿಯುವ ಮುನ್ನ ಅದು ಕಾಯಂ ಆಯಿತು. ಅದಕ್ಕೇ ಗೋವೆಯ ಆ ಭಾಗಕ್ಕೆ ‘ಹೊಸ ಗೆಲುವು’ ಎಂದು ಅವರು ಹೆಸರಿಟ್ಟದ್ದು. ಗೆರೆಯ ಈಚಿನ ನಾವು ಹೈದರ್, ಟಿಪ್ಪು, ಆಮೇಲೆ 1799ರಿಂದ ಇಂಗ್ಲಿಷರ ಕೈಗೆ ಬಂದೆವು. ಒಂದೇ ಅರಸನ ಎರಡು ಊರು, ಒಬ್ಬ ಅರಸ ಓಡಿದ ದಾರಿಯಲ್ಲಿ ಎರಡು ದೇಶವಾದವು.

ಶಿಷ್ಯೆ: ಅಜ್ಜಿಯ ತವರು ಕಾಣಕೋಣದ ಕಡೆ. ಮದುವೆಯಾಗಿ ಬರುವಾಗ ಅದು ಪರದೇಶ, ಇದು ಹಿಂದುಸ್ಥಾನ ಎನ್ನುತ್ತಿದ್ದಳು. ನಾಕಾದಲ್ಲಿ ನಿಲ್ಲಿಸಿ ಟ್ರಂಕು ಬಿಚ್ಚಿ ನೋಡುತ್ತಿದ್ದರಂತೆ. ಈಚೆ ಬಂದು ಆಡಿದ್ದು ಅದೇ ಕೊಂಕಣಿ, ಕೈಮುಗಿದದ್ದು ಅದೇ ಸಾತೇರಿಗೆ.

ಮಾಸ್ತರು: 1961ರ ಡಿಸೆಂಬರ್ 19ರವರೆಗೆ ಹಾಗೇ ಇತ್ತು. ಗೆರೆ ಅಳಿದ ಮೇಲೂ ರಾಜ್ಯದ ಗಡಿಯಾಗಿ ಅದೇ ಗೆರೆ ಉಳಿಯಿತು. ನೀನೊಂದು ಕೆಲಸ ಮಾಡು. ಭಾಷೆಯ ನಕ್ಷೆ ಪಕ್ಕಕ್ಕಿಟ್ಟು ಸಾತೇರಿಯ ನಕ್ಷೆ ಮಾಡು. ಗೋವೆಯಲ್ಲಿ ಎಷ್ಟು ಊರಲ್ಲಿ ಹುತ್ತವೇ ಸಾತೇರಿ! ಕೆಲವು ಕಡೆ ಶಾಂತೇರಿ. ಸಿಂಧುದುರ್ಗದಲ್ಲೂ ಅವಳೇ ಇದ್ದಾಳೆ, ಇಲ್ಲಿಯೂ ಅವಳೇ. ಒಂದೊಂದು ಗುಡಿಗೆ ಒಂದೊಂದು ಚುಕ್ಕೆ ಇಟ್ಟರೆ ಮೂರು ರಾಜ್ಯದ ಗಡಿಯ ಮೇಲೆ ಹಾದು ಹೋಗುವ ಒಂದು ನಾಡು ಕಾಣುತ್ತದೆ. ಅದಕ್ಕೆ ಯಾವ ಸರ್ಕಾರವೂ ಇಲ್ಲ.

ಶಿಷ್ಯೆ: ಪೋರ್ಚುಗೀಸರು ಗೆರೆಯ ಜೊತೆ ಹೆಸರನ್ನೂ ಕಲಸಿದರು ಮಾಸ್ತರ್ರೇ. 1640ರಲ್ಲಿ ಗೋವೆಯ ರಾಯ್ತೂರಿನಲ್ಲಿ ಕೊಂಕಣಿಯ ಮೊದಲ ವ್ಯಾಕರಣ ಅಚ್ಚಾಯಿತು. ಬರೆದದ್ದು ಥಾಮಸ್ ಸ್ಟೀಫನ್ಸ್ ಎನ್ನುವ ಇಂಗ್ಲಿಷ್ ಪಾದ್ರಿ, ಪೋರ್ಚುಗೀಸಿನಲ್ಲಿ. ಆದರೆ ಪುಸ್ತಕದ ಹೆಸರಿನಲ್ಲಿ ಕೊಂಕಣಿ ಎಂಬ ಮಾತೇ ಇಲ್ಲ. ‘ಕಾನಾರಿಂ ಭಾಷೆಯ ವ್ಯಾಕರಣ’ ಎಂದಿದೆ.

ಮಾಸ್ತರು: ಕನ್ನಡದಿಂದ ಕೆನರಾ, ಕೆನರಾದಿಂದ ಕಾನಾರಿಂ, ಆ ಹೆಸರು ಹೋಗಿ ಕೂತದ್ದು ಕೊಂಕಣಿಯ ಮೇಲೆ! ಹೊರಗಿನವರಿಗೆ ಆಗ ನಮ್ಮಿಬ್ಬರನ್ನೂ ಬೇರೆ ಮಾಡಿ ನೋಡಲು ಆಗಲಿಲ್ಲ. ಆಮೇಲೆ ಬಂದವರು ಬೇರೆ ಮಾಡುವುದನ್ನೇ ಕೆಲಸ ಮಾಡಿಕೊಂಡರು. 1862ರ ಕತೆ ಗೊತ್ತೇ?

ಶಿಷ್ಯೆ: ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದು.

ಮಾಸ್ತರು: ಯಾಕೆ ಸೇರಿತು? ಹತ್ತಿಗಾಗಿ. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ನಿಂತಿತು. ಧಾರವಾಡದ ಹತ್ತಿಯನ್ನು ಘಟ್ಟ ಇಳಿಸಿ ಇಲ್ಲೇ ಸದಾಶಿವಗಡದ ಬಂದರಿನಿಂದ ಹಡಗಿಗೆ ಏರಿಸಬೇಕು ಎಂದು ಮುಂಬಯಿಯ ವ್ಯಾಪಾರಸ್ಥರು, ಮ್ಯಾಂಚೆಸ್ಟರಿನ ಕಂಪನಿಯವರು ಹಟ ಹಿಡಿದರು. ಬಂದರು ಮದ್ರಾಸಿನದು, ಹತ್ತಿ ಮುಂಬಯಿಯದು ಆದರೆ ಕೆಲಸ ಸಾಗುವುದಿಲ್ಲ. ಜಿಲ್ಲೆಯನ್ನೇ ಎತ್ತಿ ಇತ್ತ ಇಟ್ಟರು. ಕಾರವಾರ ಜಿಲ್ಲಾ ಪಟ್ಟಣವಾದದ್ದೂ ಹಾಗೆಯೇ. ನಿನ್ನ ಅಜ್ಜ ಮರಾಠಿ ಶಾಲೆ ಕಲಿತದ್ದರ ಹಿಂದೆ ಆ ಹತ್ತಿಯ ಮೂಟೆ ಇದೆ.

ಶಿಷ್ಯೆ: ಅಷ್ಟೇ ಅಲ್ಲ. ಗ್ರಿಯರ್ಸನ್ ಸಾಹೇಬರ ‘ಭಾರತೀಯ ಭಾಷಾ ಸಮೀಕ್ಷೆ’ಗೆ ಮದ್ರಾಸ್ ಪ್ರಾಂತ, ಮೈಸೂರು, ಹೈದರಾಬಾದ್ ಸೇರಿರಲಿಲ್ಲ. ಮುಂಬಯಿ ಸೇರಿತ್ತು. ಹಾಗಾಗಿ ನಾವು ಸಮೀಕ್ಷೆಯ ಒಳಗೆ, ಮಂಗಳೂರಿನ ಕೊಂಕಣಿಗರ ಜಿಲ್ಲೆ ಹೊರಗೆ. 1905ರಲ್ಲಿ ಬಂದ ಅದರ ಏಳನೆಯ ಸಂಪುಟ ಮರಾಠಿಯದು. ಕೊಂಕಣಿಯನ್ನು ಅದರೊಳಗೆ ಮರಾಠಿಯ ಉಪಭಾಷೆ ಎಂದು ಇಟ್ಟರು.

ಮಾಸ್ತರು: ಆ ಒಂದು ಸಾಲಿಗೆ ಅರವತ್ತು ವರ್ಷದ ಮೇಲೆ ಎಂಥ ಬೆಲೆ ಬಂತು ನೋಡು! 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು. ಬೆಳಗಾವಿಯ ಜೊತೆಗೆ ಕಾರವಾರ, ಸೂಪಾ, ಹಳಿಯಾಳವೂ ತಮಗೆ ಬೇಕು ಎಂದು ಮಹಾರಾಷ್ಟ್ರ ಕೇಳಿತು. ಊರನ್ನೇ ಘಟಕವಾಗಿ ಹಿಡಿಯಿರಿ, ಯಾವ ಭಾಷೆಯವರು ಹೆಚ್ಚೋ ಆ ರಾಜ್ಯಕ್ಕೆ ಕೊಡಿ ಎನ್ನುವುದು ಅವರ ವಾದ. ಈಗ ಹೇಳು, ಹಣಕೋಣದಲ್ಲಿ ಮರಾಠಿಯವರು ಹೆಚ್ಚೋ ಅಲ್ಲವೋ?

ಶಿಷ್ಯೆ: ಕೊಂಕಣಿಯನ್ನು ಮರಾಠಿಯ ಒಳಗೆ ಸೇರಿಸಿದರೆ ಹೌದು. ಸೇರಿಸದಿದ್ದರೆ ಅಲ್ಲ.

ಮಾಸ್ತರು: ಅಷ್ಟೇ. ಮನುಷ್ಯ ಒಬ್ಬನೂ ಕದಲಲಿಲ್ಲ. ಕಪಾಟಿನ ಯಾವ ಖಾನೆಯಲ್ಲಿ ಚೀಟಿ ಇಟ್ಟರು ಎನ್ನುವುದರ ಮೇಲೆ ಊರಿನ ಹಣೆಬರಹ. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು. ಕಾರವಾರದ ಮೇಲಿನ ಬೇಡಿಕೆಯನ್ನು ಒಪ್ಪಲಿಲ್ಲ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು.

ಶಿಷ್ಯೆ: ಆಯೋಗ ಕೂತಿದ್ದಾಗಲೇ ಅಲ್ಲವೇ ಗೋವೆಯ ಜನಮತ? 1967ರ ಜನವರಿ 16. ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೋ, ಬೇರೆಯೇ ಇರಬೇಕೋ ಎಂದು. ಬೇರೆ ಇರಬೇಕೆಂದವರು 1,72,191. ವಿಲೀನ ಬೇಕೆಂದವರು 1,38,170. ಹದಿನೇಳು ಸಾವಿರ ಚಿಲ್ಲರೆ ಮತ ಅತ್ತಿತ್ತ ಆಗಿದ್ದರೆ ಮಾಜಾಳಿಯ ಆಚೆ ಮಹಾರಾಷ್ಟ್ರವೇ ಇರುತ್ತಿತ್ತು.

ಮಾಸ್ತರು: ನಮ್ಮ ಕತೆಯೂ ಬೇರೆಯಾಗುತ್ತಿತ್ತೋ ಏನೋ. ಆದರೆ ಅದರಲ್ಲಿ ನನಗೆ ಹಿಡಿಸಿದ್ದು ಏನೆಂದರೆ, ಜನರನ್ನು ಕೇಳಿದರು.

ಶಿಷ್ಯೆ: ಯುರೋಪಿನಲ್ಲೂ ಒಮ್ಮೆ ಹೀಗೆ ಕೇಳಿದ್ದರು. 1920ರಲ್ಲಿ, ಡೆನ್ಮಾರ್ಕ್–ಜರ್ಮನಿ ನಡುವಿನ ಶ್ಲೆಸ್ವಿಗ್‌ನಲ್ಲಿ. ಉತ್ತರದ ವಲಯದವರು ಡೆನ್ಮಾರ್ಕ್ ಎಂದರು, ದಕ್ಷಿಣದ ವಲಯದವರು ಜರ್ಮನಿ ಎಂದರು. ಸೋಜಿಗವೆಂದರೆ ಮನೆಯಲ್ಲಿ ಡೇನಿಷ್ ಆಡುವ ಕೆಲವರೂ ಜರ್ಮನಿಗೆ ಮತ ಹಾಕಿದ್ದರು. ಗೋವೆಯಲ್ಲೂ ಮರಾಠಿ ಓದುತ್ತಿದ್ದ ಎಷ್ಟೋ ಜನ ಬೇರೆ ಇರೋಣ ಎಂದರು. ಮನೆಯ ಮಾತು ಇಂಥದ್ದು ಅಂದ ಮಾತ್ರಕ್ಕೆ ಅವರ ಮನಸ್ಸು ಇಂಥ ಕಡೆ ಎಂದು ಹೇಳಲಿಕ್ಕಾಗುವುದಿಲ್ಲ.

ಮಾಸ್ತರು: ನಕ್ಷೆ ಮಾಡುವವರೆಲ್ಲ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕಾದ ಮಾತು. ನಿನಗೆ ಇಷ್ಟು ಅನುಮಾನ ಇದ್ದರೆ ಈ ನಕ್ಷೆಯೇ ಬೇಡ ಎಂದುಬಿಡು.

ಶಿಷ್ಯೆ: ಇಲ್ಲ ಮಾಸ್ತರ್ರೇ, ಅದನ್ನು ಒಪ್ಪಲಾರೆ. ಎಣಿಸದಿದ್ದರೆ ನಾವು ಇಲ್ಲವೇ ಇಲ್ಲ ಎನ್ನುತ್ತಾರೆ. ಕೊಂಕಣಿ ಬೇರೆ ಭಾಷೆ ಎಂದು ಸಾಹಿತ್ಯ ಅಕಾಡೆಮಿ ಒಪ್ಪಿದ್ದು 1975ರಲ್ಲಿ. ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ಸೇರಿದ್ದು 1992ರಲ್ಲಿ. 2011ರ ಜನಗಣತಿಯಲ್ಲಿ ಕೊಂಕಣಿಯವರು 22 ಲಕ್ಷ 56 ಸಾವಿರ. ಈ ಲೆಕ್ಕ ಇಲ್ಲದಿದ್ದರೆ ಶಾಲೆಯಲ್ಲಿ ಒಂದು ಪಾಠಪುಸ್ತಕ ಕೇಳುವುದೂ ಕಷ್ಟ. ಬೆಲ್ಜಿಯಂನವರು ಎಣಿಸುವುದನ್ನೇ ಬಿಟ್ಟರು. ಅಲ್ಲಿ ಗಣತಿಯ ಪ್ರಕಾರ ಊರುಗಳು ಫ್ರೆಂಚ್ ಕಡೆಗೋ ಡಚ್ ಕಡೆಗೋ ಜಾರುತ್ತಿದ್ದವು. 1947ರ ಲೆಕ್ಕಕ್ಕೆ ಎದ್ದ ಜಗಳದಲ್ಲಿ ಅದು ಹೊರಬರಲು 1954 ಆಯಿತು. ಆಮೇಲೆ ಆ ಪ್ರಶ್ನೆಯನ್ನೇ ಗಣತಿಯಿಂದ ತೆಗೆದರು. 1962–63ರಲ್ಲಿ ಕಾನೂನು ಮಾಡಿ ಭಾಷೆಯ ಗಡಿಯನ್ನು ಗೆರೆ ಕೊರೆದು ನಿಲ್ಲಿಸಿದರು. ಗೆರೆ ನಿಂತಿತು, ಗೆರೆಯ ಮೇಲಿನ ಊರುಗಳ ಜಗಳ ನಿಲ್ಲಲಿಲ್ಲ.

ಮಾಸ್ತರು: ಸರಿ. ಎಣಿಸಬೇಕು. ಆದರೆ ಹೇಗೆ?

ಶಿಷ್ಯೆ: ಅದಕ್ಕೆ ನಿಮ್ಮಂಥವರೇ ದಾರಿ ತೋರಿಸಿದ್ದು. 1876ರಲ್ಲಿ ಜರ್ಮನಿಯ ಗೇಯೋರ್ಗ್ ವೆಂಕರ್ ಒಂದು ಹಂಚಿಕೆ ಹೂಡಿದ. ಸುಮಾರು ನಲವತ್ತು ಸಾದಾ ವಾಕ್ಯಗಳನ್ನು ಬರೆದು ಹಳ್ಳಿ ಹಳ್ಳಿಯ ಮಾಸ್ತರರಿಗೆ ಕಳಿಸಿದ. ‘ನಿಮ್ಮ ಊರವರು ಇದನ್ನು ಹೇಗೆ ಹೇಳುತ್ತಾರೋ ಹಾಗೇ ಬರೆದು ಕಳಿಸಿ’ ಎಂದ. ಕೊನೆಗೆ ನಲವತ್ತು ಸಾವಿರಕ್ಕೂ ಹೆಚ್ಚು ಊರಿನಿಂದ ಉತ್ತರ ಬಂತು.

ಮಾಸ್ತರು: ನಲವತ್ತು ಸಾವಿರ ಊರಿನ ಮಾಸ್ತರು!

ಶಿಷ್ಯೆ: ಹೌದು. ಒಂದು ಉಪಭಾಷೆ ಮುಗಿದು ಇನ್ನೊಂದು ಶುರುವಾಗುವ ಕಡೆ ಸ್ಪಷ್ಟವಾದ ಒಂದು ಗೆರೆ ಸಿಗುತ್ತದೆ ಎಂದು ಅವನ ಲೆಕ್ಕಾಚಾರ ಇತ್ತು. ಸಿಕ್ಕಿದ್ದು ಬೇರೆ. ‘ಮಾಡು’ ಎನ್ನುವ ಪದ ಉತ್ತರಕ್ಕೆ ‘ಮಾಕೆನ್’, ದಕ್ಷಿಣಕ್ಕೆ ‘ಮಾಖೆನ್’. ‘ನಾನು’ ಎನ್ನುವುದು ಉತ್ತರಕ್ಕೆ ‘ಇಕ್’, ದಕ್ಷಿಣಕ್ಕೆ ‘ಇಖ್’. ಎರಡೂ ಒಂದೇ ಬಗೆಯ ವ್ಯತ್ಯಾಸ. ಆದರೆ ರೈನ್ ನದಿಯ ಹತ್ತಿರ ಬಂದಾಗ ಎರಡರ ಗೆರೆ ಕೂಡುವುದಿಲ್ಲ. ಒಂದೊಂದು ಪದದ ಗೆರೆ ಒಂದೊಂದು ಕಡೆ, ಬಿಡಿಸಿದ ಬೀಸಣಿಗೆಯ ಕಡ್ಡಿಗಳ ಹಾಗೆ. ಒಂದೊಂದು ಪದಕ್ಕೂ ಅದರದ್ದೇ ಗಡಿ.

ಮಾಸ್ತರು: ಇದು ನನಗೆ ಮೀನು ಪೇಟೆಯಲ್ಲಿ ಗೊತ್ತಾದ ವಿಷಯ. ನಾನು ಈ ಕಡೆ ಕೆಲಸಕ್ಕೆ ಬಂದ ಹೊಸತು. ಚಿಪ್ಪುಮೀನು ಅಂಕೋಲೆಯಲ್ಲಿ ನಮಗೆ ಬಳಚು, ಇಲ್ಲಿ ನಿಮಗೆ ತಿಸ್ರೆ. ಸಿಗಡಿ ನಮಗೆ ಶೆಟ್ಲಿ, ನಿಮಗೆ ಸುಂಗಟ. ಮೊದಲ ದಿನ ಬುಟ್ಟಿಯ ಮುಂದೆ ಬೆರಳು ತೋರಿಸಿ ಕೊಂಡೆ. ಆದರೆ ಇಸ್ವಣ ಎಂದರೆ ಇಬ್ಬರಿಗೂ ತಿಳಿಯುತ್ತದೆ, ಅದಕ್ಕೆ ಗಡಿಯೇ ಇಲ್ಲ. ಹೊಳೆಯ ತಿಸ್ರೆಗೆ ಒಂದು ಗೆರೆ, ಶೆಟ್ಲಿಗೆ ಒಂದು ಗೆರೆ. ನೀನು ಕಾರವಾರದಿಂದ ಅಮದಳ್ಳಿ, ಅವರ್ಸಾ, ಬೇಲೆಕೇರಿ ದಾಟಿ ಅಂಕೋಲೆಗೆ ಬರುವ ದಾರಿಯಲ್ಲಿ ಪೇಟೆ ಪೇಟೆಯಲ್ಲಿ ನಿಂತು ಒಂದೊಂದು ಮೀನಿನ ಹೆಸರು ಕೇಳು. ಆಗ ಸಿಗುವುದು ನಮ್ಮ ಬೀಸಣಿಗೆ.

ಶಿಷ್ಯೆ: ಅಡುಗೆಮನೆಗೆ ಬಂದರೆ ಇನ್ನೂ ದೂರದ ಗೆರೆ ಸಿಗುತ್ತದೆ. ಬತಾಟೆ, ಪಾವ್, ಮೇಜು, ಜನೇಲ್, ಚಾವಿ, ಬಾಲ್ದಿ. ಎಲ್ಲ ಪೋರ್ಚುಗೀಸ್.

ಮಾಸ್ತರು: ನಮ್ಮ ಪಗಾರ, ಲಿಲಾವು ಕೂಡ. ಘಟ್ಟದ ಮೇಲೆ ಧಾರವಾಡದವರೂ ಪಗಾರ ಎಂದೇ ಎಣಿಸುತ್ತಾರೆ. ಪೋರ್ಚುಗೀಸರು ಅಲ್ಲಿ ಒಂದು ದಿನವೂ ಆಳಲಿಲ್ಲ. ಪದಕ್ಕೆ ಪಾಸ್‌ಪೋರ್ಟ್ ಬೇಡ.

ಶಿಷ್ಯೆ: ಮಾತಿನ ಒಳಗಿನ ಕಟ್ಟು ಕೂಡ ಹೀಗೇ ದಾಟುತ್ತದೆ. ಸಾಂಗ್ಲಿ ಜಿಲ್ಲೆಯ ಕುಪ್ಪವಾಡ ಎನ್ನುವ ಊರಿನ ಮೇಲೆ 1971ರಲ್ಲಿ ಗಂಪರ್ಜ್ ಮತ್ತು ವಿಲ್ಸನ್ ಬರೆದ ಲೇಖನ ಓದಿದೆ. ಅಲ್ಲಿ ಜೈನರ, ಲಿಂಗಾಯತರ ಮನೆಯಲ್ಲಿ ಕನ್ನಡ, ಮುಸಲ್ಮಾನರ ಮನೆಯಲ್ಲಿ ಉರ್ದು, ಊರಿನ ನಡುವಿನ ವ್ಯವಹಾರಕ್ಕೆ ಮರಾಠಿ. ತಲೆತಲಾಂತರ ಒಟ್ಟಿಗೆ ಬಾಳಿ ಮೂರು ಭಾಷೆಯ ವಾಕ್ಯದ ಕಟ್ಟು ಒಂದೇ ಆಗಿಬಿಟ್ಟಿದೆ. ಪದ ತೆಗೆದು ಪದ ಇಟ್ಟರೆ ಸಾಕು, ಕನ್ನಡ ಮರಾಠಿಯಾಗುತ್ತದೆ. ಆದರೆ ಪದಗಳನ್ನು ಮಾತ್ರ ಯಾರೂ ಬಿಟ್ಟುಕೊಡಲಿಲ್ಲ. ನಾವೂ ಹಾಗೆಯೇ ಅಲ್ಲವೇ? ನೀವು ‘ಬರ್ತೇನೆ ಅಂತ ಹೇಳಿದ’ ಎನ್ನುತ್ತೀರಿ. ನಾವು ‘ಯೆತಾ ಮ್ಹಣ್ ಸಾಂಗ್ಲೆಂ’ ಎನ್ನುತ್ತೇವೆ. ಒಂದಕ್ಕೆ ಒಂದು ಕೂಡುತ್ತದೆ.

ಮಾಸ್ತರು: ನೂರಾರು ವರ್ಷ ಒಂದೇ ಬಾವಿಯ ನೀರು ಸೇದಿದವರ ಮಾತು. ಹೇಳು, ಈಗ ನಮ್ಮ ಜನಗಣತಿಯವರು ಏನು ಕೇಳುತ್ತಾರೆ?

ಶಿಷ್ಯೆ: ಮಾತೃಭಾಷೆ ಒಂದು. ಅದರ ಜೊತೆಗೆ ಗೊತ್ತಿರುವ ಬೇರೆ ಭಾಷೆ, ಎರಡರ ತನಕ. 2011ರಲ್ಲಿ ಜನ ಬರೆಸಿದ ಮಾತೃಭಾಷೆಗಳ ಹೆಸರು ಎಷ್ಟು ಗೊತ್ತೇ? 19,569. ಅದನ್ನು ಸೋಸಿ 1,369 ಮಾಡಿದರು. ಕೊನೆಗೆ ಗುಂಪು ಮಾಡಿ 121 ಭಾಷೆ ಎಂದರು. ನಕ್ಷೆಗೆ ಬರುವುದು ಕೊನೆಯ ಈ 121.

ಮಾಸ್ತರು: ಹತ್ತೊಂಬತ್ತೂವರೆ ಸಾವಿರ ಹೆಸರು ಹೇಳಿದ ಜನ ದಡ್ಡರಲ್ಲ. ಅವರು ತಮ್ಮನ್ನು ತಾವು ಹೇಗೆ ಕರೆದುಕೊಳ್ಳುತ್ತಾರೋ ಹಾಗೆ ಹೇಳಿದರು.

ಶಿಷ್ಯೆ: 1931ರಲ್ಲಿ ಪೋಲೆಂಡಿನ ಗಣತಿದಾರರು ಪೊಲೇಸಿಯೆ ಎನ್ನುವ ಜವುಗು ಸೀಮೆಗೆ ಹೋದರು. ಇಂದು ಅದು ಬಹುಪಾಲು ಬೆಲಾರೂಸ್ ಮತ್ತು ಉಕ್ರೇನಿನ ಒಳಗಿದೆ. ನಿಮ್ಮ ಭಾಷೆ ಯಾವುದು ಎಂದು ಕೇಳಿದರೆ ಸುಮಾರು ಏಳು ಲಕ್ಷ ಜನ ಕೊಟ್ಟ ಉತ್ತರ ಒಂದೇ: ‘ಇಲ್ಲಿಯದು’. ಪೋಲಿಷ್ ಅಲ್ಲ, ಬೆಲಾರೂಸಿ ಅಲ್ಲ, ಉಕ್ರೇನಿ ಅಲ್ಲ. ಇಲ್ಲಿಯದು.

ಮಾಸ್ತರು: (ಸ್ವಲ್ಪ ಹೊತ್ತು ಸುಮ್ಮನಿದ್ದು) ನಿನ್ನ ಅಜ್ಜಿಯನ್ನು ಕೇಳಿದರೂ ಅದನ್ನೇ ಹೇಳುತ್ತಾಳೇನೋ. ನಮ್ಮ ಹಿರಿಯರೂ ಹಾಗೆಯೇ ನಾಡನ್ನು ಹೇಳಿದವರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಕನ್ನಡ ನಾಡು ಕಾವೇರಿಯಿಂದ ಗೋದಾವರಿಯ ತನಕ. ಅದರ ತಿರುಳು ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದದ ನಡುವೆ. ಎರಡು ನದಿ, ನಾಲ್ಕು ಊರು. ಗೆರೆಯಿಲ್ಲ, ಬಣ್ಣವಿಲ್ಲ. ನದಿಯ ಎರಡೂ ದಡದವರು ನೀರು ತುಂಬುತ್ತಾರೆ ಎನ್ನುವುದು ಬರೆದವನಿಗೆ ಗೊತ್ತಿತ್ತು.

ಶಿಷ್ಯೆ: ನದಿಯ ಹೆಸರು ಬರೆದುಕೊಟ್ಟರೆ ನನ್ನ ಪ್ರಾಧ್ಯಾಪಕರು ಒಪ್ಪುವುದಿಲ್ಲ. ನನಗೆ ನಕ್ಷೆ ಬೇಕೇ ಬೇಕು.

ಮಾಸ್ತರು: ಒಪ್ಪುವಂಥದ್ದೇ ಮಾಡೋಣ. ನಿನ್ನ ಪ್ರಶ್ನಾವಳಿ ಕೊಡು. ‘ನಿಮ್ಮ ಮಾತೃಭಾಷೆ ಯಾವುದು?’ ಇದು ಇರಲಿ, ತೆಗೆಯಬೇಡ. ಇದರ ಕೆಳಗೆ ಬರೆದುಕೋ. ಮಕ್ಕಳನ್ನು ಮಲಗಿಸುವಾಗ ಯಾವ ಮಾತು? ದೇವರ ಮುಂದೆ ಯಾವ ಮಾತು? ಮೀನು ಕೊಳ್ಳುವಾಗ? ಕಚೇರಿಯಲ್ಲಿ ಅರ್ಜಿ ಕೊಡುವಾಗ? ಮೊಮ್ಮಕ್ಕಳು ಫೋನ್ ಮಾಡಿದಾಗ? ಆಮೇಲೆ ಒಂದು: ಲೆಕ್ಕ ಮಾಡುವುದು ಯಾವ ಮಾತಿನಲ್ಲಿ?

ಶಿಷ್ಯೆ: ಲೆಕ್ಕ ಯಾಕೆ?

ಮಾಸ್ತರು: ಹೇಳುತ್ತೇನೆ. ಏಳೆಂಟ್ಲ ಎಷ್ಟು?

ಶಿಷ್ಯೆ: ಐವತ್ತಾರು.

ಮಾಸ್ತರು: ಯಾವ ಭಾಷೆಯಲ್ಲಿ ಬಂತು?

ಶಿಷ್ಯೆ: (ತಡೆದು) ಕನ್ನಡದಲ್ಲಿ. ಅಮ್ಮನ ಜೊತೆ ಅಂಗಡಿಗೆ ಹೋದಾಗಲೂ ಮಾತೆಲ್ಲ ಕೊಂಕಣಿ, ಒಳಗೆ ಕೂಡಿಸುವುದು ಮಾತ್ರ ಕನ್ನಡದಲ್ಲಿ. ನೀವು ಮಗ್ಗಿ ಹೇಳಿಸಿದ ಹಾಗೇ.

ಮಾಸ್ತರು: ನನ್ನ ತಂದೆ ಮನೆಯಲ್ಲಿ ಅಚ್ಚ ಅಂಕೋಲೆಯ ಕನ್ನಡ ಆಡುವವರು. ಅಂಗಡಿಯ ಲೆಕ್ಕ ಮಾಡುವುದು ಮರಾಠಿಯ ಪಾಢೆಯಲ್ಲಿ. ಮುಂಬಯಿ ಪ್ರಾಂತದ ಶಾಲೆ ಅವರ ಬಾಯಲ್ಲಿ ಹಾಗೆ ಉಳಿದಿತ್ತು. ನೀನು ಕೊಂಕಣಿ ಮನೆಯವಳು, ಎಣಿಸುವುದು ಕನ್ನಡದಲ್ಲಿ. ಜನಗಣತಿಯ ಯಾವ ಕಾಲಂನಲ್ಲೂ ಇದು ಬರುವುದಿಲ್ಲ. ಆದರೆ 1862 ಮತ್ತು 1956 ಎರಡೂ ನಮ್ಮ ಮನೆಗಳ ಒಳಗೆ ಎಲ್ಲಿ ಕೂತಿವೆ ಎಂದು ತೋರಿಸುವುದು ಇದೇ.

ಶಿಷ್ಯೆ: ಹಾಗಾದರೆ ಒಂದು ನಕ್ಷೆ ಸಾಲದು. ಮಲಗಿಸುವ ಮಾತಿಗೆ ಒಂದು ನಕ್ಷೆ, ದೇವರ ಮಾತಿಗೆ ಒಂದು, ಲೆಕ್ಕದ ಮಾತಿಗೆ ಒಂದು. ಪಾರದರ್ಶಕ ಹಾಳೆಯಲ್ಲಿ ಮಾಡಿ ಒಂದರ ಮೇಲೊಂದು ಇಟ್ಟರೆ... ಹಣಕೋಣ ಒಂದರಲ್ಲಿ ನೀಲಿ, ಇನ್ನೊಂದರಲ್ಲಿ ಕೇಸರಿ, ಮತ್ತೊಂದರಲ್ಲಿ ಹಳದಿ. ಯಾವುದೂ ಸುಳ್ಳಲ್ಲ.

ಮಾಸ್ತರು: ಪ್ರತಿ ಹಾಳೆಯ ಕೆಳಗೆ ಕೇಳಿದ ಪ್ರಶ್ನೆಯನ್ನು ದೊಡ್ಡ ಅಕ್ಷರದಲ್ಲಿ ಬರೆ. ನೋಡುವವರು ಬಣ್ಣ ನೋಡುವ ಮೊದಲು ಪ್ರಶ್ನೆ ಓದಲಿ.

ಶಿಷ್ಯೆ: ಬರೆಯುತ್ತೇನೆ. ನೀವು ಹೇಳಿದ ಪ್ರಶ್ನೆಯ ಕೆಳಗೆ ಕೊಂಕಣಿಯಲ್ಲೂ ಹಾಕುತ್ತೇನೆ, ಕನ್ನಡ ಲಿಪಿಯಲ್ಲೇ. ಕನ್ನಡದಲ್ಲಿ ಕೇಳಿದರೆ ಅಜ್ಜಿ ಮಾಸ್ತರರಿಗೆ ಹಿಡಿಸುವ ಉತ್ತರ ಕೊಟ್ಟುಬಿಡುತ್ತಾಳೆ.

ಮಾಸ್ತರು: ಸರಿಯಾಗಿ ಹೇಳಿದೆ. ಕೇಳುವ ಭಾಷೆಯೂ ಪ್ರಶ್ನೆಯ ಒಂದು ಭಾಗವೇ. ಮೊದಲು ಯಾವ ಮನೆಗೆ ಹೋಗುತ್ತೀ?

ಶಿಷ್ಯೆ: ಇದೇ ಮನೆಗೆ. ಒಳಗೆ ಮಂಚದ ಸದ್ದಾಯಿತು. ಅಜ್ಜಿ ಎದ್ದಳು.